ಬೈರಮ್ಮನವರ ಬಕೆಟ್ಟು

ಹೂಡಿಯಲ್ಲಿ ನಮ್ಮ ಮನೆಯ ಓನರ್ ಬೈರಮ್ಮನವರು ಯಾರನ್ನೂ ನಂಬುತ್ತಿರಲಿಲ್ಲ. ಹಾಲಿಗೆ ನೀರು ಬೆರೆಸುತ್ತಾರೆಂಬ ಅನುಮಾನ ಎಲ್ಲರಿಗೂ ಇರುವುದೇ. ಇವರಿಗೆ ಟ್ಯಾಂಕರಿನವನ ಮೇಲೂ ಅನುಮಾನ, ನೀರಿಗೆ ಅವನು ಏನು ಬೆರೆಸುತ್ತಾನೋ ಎಂದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅವರದೀಗ ಮೂರಂತಸ್ತಿನ ಕಟ್ಟಡ. ಮೇಲೆ ಬಾಡಿಗೆ ಮನೆಗಳು, ಕೆಳಗೆ ಅವರ ಮನೆ, ಪಕ್ಕದ ರೂಮಿನಲ್ಲಿ ಅಂಗನವಾಡಿ. ನೀರಿನ ಮೋಟರ್ ಸ್ವಿಚ್ಚು ಅವರ ಮಂಚದ ತಲೆದೆಸೆಯಲ್ಲಿ. ಎಲ್ಲ ಗಂಡಸರೂ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ನಾನು ಮನೆಯಲ್ಲೇ ಕೂತು ಬರೆಯುತ್ತಿದ್ದೆ. ಹಾಗಾಗಿ ಅವರ ಅನುಮಾನದಲ್ಲಿ ಟ್ಯಾಂಕರಿನವನಿಗಿಂತ ನಾನು ಒಂದು ಮೆಟ್ಟಿಲು ಮೇಲಿದ್ದೆ.

ಅವರು ನಂಬುತ್ತಿದ್ದದ್ದು ನಾಲ್ಕು ವರ್ಷದ ಮೊಮ್ಮಗ ಸಿದ್ಧಾರ್ಥನನ್ನು ಮಾತ್ರ. ಮಗ ಸೊಸೆ ಕೆಲಸಕ್ಕೆ ಹೋದರೆ ಹುಡುಗ ಅಜ್ಜಿಯ ಕೈಯಲ್ಲಿ. ಎರಡು ಮೆಟ್ಟಿಲು ಹತ್ತಿ ಕೂರುತ್ತಿದ್ದ, ಏದುಸಿರು ಬಿಟ್ಟು ಮತ್ತೆರಡು ಹತ್ತುತ್ತಿದ್ದ. ಅಜ್ಜಿ ಅದನ್ನು ರಾಜನ ನಡಿಗೆ ಅನ್ನುತ್ತಿದ್ದರು.

2012ರ ಚಳಿಗಾಲದಲ್ಲಿ ಅಂಗನವಾಡಿ ಟೀಚರ್ ಜ್ಯೋತಿಲಕ್ಷ್ಮಿ ಮಕ್ಕಳ ತೂಕ ನೋಡಿದರು. ಕೊಂಡಿಗೆ ನೇತುಹಾಕಿದ ತಕ್ಕಡಿಯಲ್ಲಿ ಸಿದ್ಧಾರ್ಥ ಕೂತದ್ದೇ ತಡ, ಮುಳ್ಳು ಕೊನೆ ಮುಟ್ಟಿ ನಿಂತುಬಿಟ್ಟಿತು. ವಯಸ್ಸಿಗೆ ಮೀರಿದ ತೂಕ, ಊಟತಿಂಡಿ ಈಗಲೇ ಸರಿ ಮಾಡಬೇಕು ಎಂದು ಟೀಚರ್ ನಾಲ್ಕು ತಾಯಂದಿರ ಎದುರೇ ಹೇಳಿದರು.

ಮಗುವನ್ನು ತಕ್ಕಡಿಗೆ ಹಾಕಿ ದಪ್ಪ ಅಂದರೆ ದೃಷ್ಟಿ ತಗಲದೆ ಇರುತ್ತದೆಯೇ? ಸಂಜೆ ಬೈರಮ್ಮನವರು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟೇ ಬರಲಿಲ್ಲ, ದೃಷ್ಟಿ ಆಗಿರುವುದು ನಿಜ ಎಂದು ತೀರ್ಮಾನವಾಯಿತು. ಎರಡನೇ ಮಹಡಿಯಲ್ಲಿ ನಾನು ಸೀನುತ್ತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ.

"ತಿಂಗ್ಳು ತುಂಬ್ತಿದ್ದಂಗೆ ರೂಮ್ ಖಾಲಿ ಮಾಡ್ಬುಡಮ್ಮ," ಎಂದು ಟೀಚರಿಗೆ ಹೇಳಿಬಿಟ್ಟರು. ಸುತ್ತ ಬೇರೆ ರೂಮು ಸಿಗುವಂತಿರಲಿಲ್ಲ. ಅಂಗನವಾಡಿ ಹೋದರೆ ಕಟ್ಟಡ ಕೆಲಸದವರ ಮಕ್ಕಳಿಗೆ ಮಧ್ಯಾಹ್ನದ ಊಟವೂ ಹೋದಂತೆ.

ಅದೇ ವಾರ ಸುತ್ತಲಿನ ಟೀಚರುಗಳ ತಿಂಗಳ ಸಭೆ ಆ ರೂಮಿನಲ್ಲೇ ಸೇರಿತು. ತಮ್ಮ ಮೇಲೆ ಸಂಚು ನಡೆಯುತ್ತಿದೆ ಎಂದುಕೊಂಡ ಬೈರಮ್ಮನವರು ಅವರೆಕಾಯಿ ಸುಲಿಯುವ ನೆಪದಲ್ಲಿ ಕಿಟಕಿಯ ಕೆಳಗೆ ಕೂತರು. "ನೀವೂ ಕೂತ್ಕೊಳಿ ಸಾರ್, ನಾಳೆ ಸಾಕ್ಷಿಗೆ ಬೇಕಾಯ್ತದೆ," ಎಂದು ನನ್ನನ್ನೂ ಕೂರಿಸಿದರು. ಮೋಟರ್ ಸ್ವಿಚ್ಚು ನೆನೆದು ಕೂತೆ.

ಒಳಗೆ ಸಂಚಿನ ಸುಳಿವೂ ಇರಲಿಲ್ಲ. ಅವರವರ ತಾಪತ್ರಯ ಹೇಳಿಕೊಳ್ಳುತ್ತಿದ್ದರು. ಎಲ್ಲರೆದುರು ಹೇಳಿ ಕೆಲಸ ಕೆಡಿಸಿಕೊಂಡೆ ಎಂದರು ಜ್ಯೋತಿಲಕ್ಷ್ಮಿ. ಪಕ್ಕದೂರಿನ ಚನ್ನಕ್ಕ ಟೀಚರ್ ತನಗೂ ಹೀಗೇ ಆಗಿತ್ತೆಂದೂ, ಇಂಥದ್ದೇ ಸಭೆಯಲ್ಲಿ ಇನ್ನೊಬ್ಬರು ಒಂದು ಉಪಾಯ ಕಲಿಸಿದರೆಂದೂ ಹೇಳಿದರು. ಮಗು ಏನು ತಿಂದರೂ ಅಷ್ಟನ್ನೇ ಒಂದು ಪಾತ್ರೆಗೂ ಹಾಕುತ್ತಾ ಬನ್ನಿ ಎಂದು ಮನೆಯವರಿಗೆ ಹೇಳುವುದು, ಒಂದು ದಿನದ ಮಟ್ಟಿಗೆ. "ನಾವೇನೂ ಹೇಳ್ಬಾರ್ದು ಕಣಮ್ಮ. ಪಾತ್ರೆ ಹೇಳ್ಲಿ."

ಬೈರಮ್ಮನವರ ಕೈಯಲ್ಲಿ ಅವರೆಕಾಯಿ ನಿಂತಿತು. ಕಳ್ಳರನ್ನು ಹಿಡಿಯುವ ದಾರಿ ಸಿಕ್ಕಿತ್ತು. ಟೀಚರೇ ಮೊಮ್ಮಗನಿಗೆ ಕದ್ದುಮುಚ್ಚಿ ಏನೋ ತಿನ್ನಿಸಿ ದಪ್ಪ ಮಾಡುತ್ತಿದ್ದಾಳೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಮರುದಿನ ಮೊಮ್ಮಗನ ಹಿಂದೆ ನೀಲಿ ಬಕೆಟ್ಟು ಹೊರಟಿತು. ಅಂಗನವಾಡಿಯಿಂದ ಅದಕ್ಕೆ ಬಿದ್ದದ್ದು ಒಂದು ಹಿಡಿ ಬೇಯಿಸಿದ ಹೆಸರುಕಾಳು, ಒಂದು ಸೌಟು ಅನ್ನ ಸಾಂಬಾರು. ಆಮೇಲೆ ಹುಡುಗ ಬಾಡಿಗೆ ಮನೆಗಳ ಸುತ್ತು ಶುರು ಮಾಡಿದ. ಅವನು ಒಂದು ಬಾಗಿಲಿನಿಂದ ಬಾಯಿ ಒರೆಸಿಕೊಂಡು ಬಂದ ಕೂಡಲೇ ಅಜ್ಜಿ ಅಲ್ಲಿ ಬಕೆಟ್ಟು ಒಡ್ಡಿ, "ಏನ್ ಕೊಟ್ರಿ? ಅಷ್ಟೇ ಇದ್ಕೂ ಆಕಿ," ಎನ್ನುತ್ತಿದ್ದರು. ಕ್ರೀಮ್ ಬಿಸ್ಕತ್ತು, ಚಿಪ್ಸು, ಪಫ್ಸು, ಕಿತ್ತಳೆ ಬಣ್ಣದ ಜ್ಯೂಸು ಬಿದ್ದವು. ಹುಡುಗ ಖುಷಿಯಾಗಿದ್ದರೆ ಅಜ್ಜಿ ಖುಷಿ, ಅಜ್ಜಿ ಖುಷಿಯಾದರೆ ನಲ್ಲಿಯಲ್ಲಿ ನೀರು. ಇದು ಬಾಡಿಗೆದಾರರಿಗೆಲ್ಲ ಗೊತ್ತಿದ್ದ ವಿಷಯ. ನಮ್ಮ ಮನೆಯಿಂದ ಎರಡು ಲಾಡು ಬಿದ್ದವು. ಒಂದು ಹೆಂಡತಿ ಕೊಟ್ಟದ್ದು, ಒಂದು ನಾನು ಕೊಟ್ಟದ್ದು. ಇನ್ನೊಬ್ಬರೂ ಕೊಡುತ್ತಾರೆಂಬುದು ನಮ್ಮಿಬ್ಬರಿಗೂ ಅಂದೇ ತಿಳಿದದ್ದು.

ಸಂಜೆ ಬೈರಮ್ಮನವರು ಎಲ್ಲರನ್ನೂ ಅಂಗಳಕ್ಕೆ ಕರೆಸಿ ಬಕೆಟ್ಟು ಇಟ್ಟರು. ಮುಕ್ಕಾಲು ತುಂಬಿತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದರು, ನನ್ನ ಮುಖ ಬಂದಾಗ ತುಸು ಹೆಚ್ಚು ಹೊತ್ತು.

"ಅಮ್ಮಾ, ತಳದಲ್ಲಿರೋದು ಯಾರ್ದು?" ಎಂದು ಟೀಚರ್ ಮೆಲ್ಲಗೆ ಕೇಳಿದರು.

ತಳದಲ್ಲಿದ್ದದ್ದು ಬೆಳಗಿನದು: ದೊಡ್ಡ ಲೋಟದ ಸಕ್ಕರೆ ಹಾಲು, ಅದರಲ್ಲಿ ನೆಂದ ಎರಡು ಬನ್ನು, ತುಪ್ಪ ಸಕ್ಕರೆ ಸವರಿದ ಚಪಾತಿ. ಬೈರಮ್ಮನವರು ತಾವು ತಿನ್ನಿಸಿದ್ದನ್ನೂ ಮೋಸವಿಲ್ಲದೆ ಹಾಕಿದ್ದರು.

"ಅದು ಲೆಕ್ಕಕ್ಕಿಲ್ಲ. ಅದು ನಂದು."

ಯಾರೂ ನಗಲಿಲ್ಲ. ನೀರು ಎಲ್ಲರಿಗೂ ಬೇಕಿತ್ತು. ಅವರು ಬಕೆಟ್ಟು ಎತ್ತಿಕೊಂಡು ಅಂಗಳದ ಮೂಲೆಯಲ್ಲಿ ಕಟ್ಟಿದ್ದ ತಮ್ಮ ಹಸುವಿನ ಬಾನಿಯತ್ತ ಹೋದರು. ಬಗ್ಗಿಸಲು ಹೋಗಿ ತಡೆದರು.

"ಇದುನ್ನ ತಿಂದ್ರೆ ಹಸ ಕೆಟ್ಟೋಯ್ತದೆ," ಎಂದರು. ಆಮೇಲೆ ಮೊಮ್ಮಗನನ್ನು ನೋಡಿದರು. ಅವನು ಬಕೆಟ್ಟಿನಿಂದ ಬಿಸ್ಕತ್ತು ತೆಗೆಯುತ್ತಿದ್ದ. ಅಜ್ಜಿ ಅವನ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ.

"ರೂಮು ಇರ್ಲಿ ಬುಡಮ್ಮ," ಎಂದರು ಟೀಚರಿಗೆ. ಸುಮ್ಮನೆ ಒಪ್ಪಿದಂತಾಗಬಾರದಲ್ಲ, "ಬ್ಯಾರೆ ಕಡೆ ಹೋದ್ರೆ ನಿನ್ನ ಮೇಲೆ ಕಣ್ಣಿಡೋರು ಯಾರು?" ಎಂದು ಸೇರಿಸಿದರು.

ತೂಕ ಇಳಿಸುವುದು ಬೇಡ, ಏರದಿದ್ದರೆ ಸಾಕು, ಎತ್ತರ ಬೆಳೆದು ಸರಿದೂಗುತ್ತದೆ ಎಂದರು ಟೀಚರ್. ಸಕ್ಕರೆ ಹಾಲು ನಿಂತಿತು, ಮುದ್ದೆ ಸೊಪ್ಪಿನ ಸಾರು ಬಂತು. ಯಾರ ಬಾಗಿಲಿನಿಂದ ಹುಡುಗ ಸಿಹಿ ವಾಸನೆ ಹೊತ್ತು ಬರುತ್ತಾನೋ ಆ ಮನೆಯ ನೀರಿನ ವಾಲ್ವ್ ಬಂದ್ ಎಂಬ ಆಜ್ಞೆಯೂ ಹೊರಟಿತು. ಮುಂದಿನ ಸಭೆಯಲ್ಲಿ ಬೈರಮ್ಮನವರು ಬಕೆಟ್ಟು ಸಮೇತ ಒಳಗೇ ಕೂತಿದ್ದರಂತೆ.

ಮರುವರ್ಷ ಒಂದು ಮಧ್ಯಾಹ್ನ ಸಿದ್ಧಾರ್ಥ ಎಲ್ಲೂ ಕೂರದೆ ನಮ್ಮ ಮಹಡಿಯವರೆಗೂ ಓಡಿ ಬಂದ. ನನಗೆ ಸಂತೋಷವಾಗಿ ಒಂದು ಹೋಳು ಸೌತೆಕಾಯಿ ಕೊಟ್ಟು ಕಳಿಸಿದೆ. ಕೆಳಗೆ ಅಜ್ಜಿ ಅವನ ಬಾಯಿ ಮೂಸಿದ್ದು ನನಗೆ ಕಾಣಲಿಲ್ಲ, ದನಿ ಮಾತ್ರ ಮೇಲೆ ಬಂತು.

"ಸಾರ್, ಸೌತೆಕಾಯ್ಗೆ ಏನ್ ಸವರಿದ್ದೀರಿ?"