ತಾಂಡವಪುರದ ಬಳಿ ಕಟ್ಟಿದ ಉಸಿರು

ದೆವ್ವ, ಶಕುನ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. ಇಪ್ಪತ್ತು ವರ್ಷದಿಂದ ಹಾರಾಟ ಕಲಿಸುವ ಶಾಲೆಯೊಂದರಲ್ಲಿ ಸಣ್ಣ ವಿಮಾನಗಳ ಎಂಜಿನ್ ರಿಪೇರಿ ಮಾಡುತ್ತಿದ್ದೇನೆ. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿದವನು. ಆದರೂ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ.

ನಮ್ಮ ವಿಮಾನಗಳದು ಪಿಸ್ಟನ್ ಎಂಜಿನ್. ಅದಕ್ಕೆ ಪೆಟ್ರೋಲು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ. ಅದಕ್ಕೇ ಟರ್ಬೋ. ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ದಪ್ಪ ಪೈಪೊಂದರ ಮೂಲಕ ಎಂಜಿನ್‌ಗೆ ಕಳಿಸುತ್ತದೆ. ಒತ್ತಡ ಅತಿಯಾದರೆ ಪುಟ್ಟ ಬಾಗಿಲೊಂದು ತೆರೆದು ಹೊಗೆಯನ್ನು ಪಕ್ಕಕ್ಕೆ ಬಿಡುತ್ತದೆ. ಬಿಸಾಡುವ ಹೊಗೆಯನ್ನೂ ದುಡಿಸಿಕೊಳ್ಳುವ ಈ ಉಪಾಯ ನನಗೆ ಬಲು ಇಷ್ಟ.

ಅಂದು ಬೆಳಿಗ್ಗೆ ಅಂಥದೊಂದು ಎಂಜಿನ್ ಓಡಿಸಿ ನೋಡಿ, ಹಾರಲು ಸರಿಯಿದೆ ಎಂದು ಸಹಿ ಹಾಕಿ, ಊಟಕ್ಕೆಂದು ಬೈಕಿನಲ್ಲಿ ನಂಜನಗೂಡಿನ ಮನೆಗೆ ಹೊರಟೆ. ತಿ. ನರಸೀಪುರದ ಹುಡುಗಿಯೊಬ್ಬಳು, ನಮ್ಮಲ್ಲಿ ಹಾರಾಟ ಕಲಿಯುತ್ತಿದ್ದವಳು, ಮಧ್ಯಾಹ್ನ ಆ ವಿಮಾನದಲ್ಲಿ ಒಬ್ಬಳೇ ಹಾರುವವಳಿದ್ದಳು.

ತಾಂಡವಪುರ ದಾಟುವಾಗ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ಎದೆನೋವಿಲ್ಲ, ಕೆಮ್ಮಿಲ್ಲ. ಬಾಯಿ ತೆರೆದು ಎಳೆದರೂ ಗಾಳಿ ಗಂಟಲಿನಿಂದ ಕೆಳಗೆ ಸರಿಯಾಗಿ ಇಳಿಯುತ್ತಿಲ್ಲ. ಬೈಕು ನಿಲ್ಲಿಸಿ ಕಬ್ಬಿನ ಗದ್ದೆಯ ಬದುವಿನ ಮೇಲೆ ಕುಸಿದು ಕುಳಿತೆ. ಸತ್ತೇ ಹೋಗುತ್ತೇನೆಂದು ಹೆದರಿದೆ. ನೀರು ಕಟ್ಟುತ್ತಿದ್ದ ಹೆಂಗಸೊಬ್ಬರು ಓಡಿ ಬಂದು, "ಯಾಕಣ್ಣ, ಏನಾಯ್ತು? ಬಿರ್‍ರನೆ ಆಸ್ಪತ್ರೆಗೋಗಣ್ಣ" ಎಂದರು.

ಆಸ್ಪತ್ರೆ ಇದ್ದದ್ದು ಮುಂದೆ, ನಂಜನಗೂಡಿನಲ್ಲಿ. ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಟರ್ಬೋದ ಆ ದಪ್ಪ ಪೈಪು. ಯಾಕೆಂದು ಕೇಳಬೇಡಿ. ಏದುಸಿರು ಬಿಡುತ್ತಲೇ ಬೈಕನ್ನು ಹಿಂದಕ್ಕೆ ತಿರುಗಿಸಿದೆ.

ನಾನು ವಿಮಾನದ ಶೆಡ್ಡು ತಲುಪಿದಾಗ ಹುಡುಗಿ ವಿಮಾನ ಹತ್ತುತ್ತಿದ್ದಳು. ಇಳಿಯಲು ಹೇಳಿ ಎಂಜಿನ್‌ನ ಮುಚ್ಚಳ ಬಿಚ್ಚತೊಡಗಿದೆ. ಜೊತೆ ಕೆಲಸಗಾರ ಮಹದೇವುಗೆ ಸಿಟ್ಟು ಬಂತು.

"ನೀವೇ ಸಯಿ ಆಕಿದ್ರಲ್ಲ ಸಾ? ಪೈಪಿನ್ ಕ್ಲಾಂಪು ಸವ್ದಿತ್ತು ಅಂತ ಈಗ್ತಾನೆ ಬದ್ಲಾಯ್ಸಿ ಬಿಗಿಯಾಗ್ ಆಕಿವ್ನಿ. ಇನ್ನೇನದೆ?"

"ನಾನು ಹೋದ್ಮೇಲೆ ಪೈಪ್ ಬಿಚ್ಚಿದ್ಯಾ?"

"ಊಂ ಸಾ."

ಪೈಪು ಬಿಚ್ಚಿದಾಗ ಒಳಗೆ ನಟ್ಟು ಬೀಳದಿರಲೆಂದು ಅದರ ಬಾಯಿಗೆ ಬಟ್ಟೆ ತುರುಕುವುದು ನಮ್ಮ ವಾಡಿಕೆ. ಮಹದೇವು ತುರುಕಿದ್ದ, ತೆಗೆಯಲು ಮರೆತಿದ್ದ. ವಿಮಾನ ಮೇಲೇಳುವಾಗ ಎಂಜಿನ್ ಅದನ್ನು ಒಳಕ್ಕೆ ಎಳೆದುಕೊಂಡಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ. ನಾನು ಪೈಪು ಬಿಚ್ಚಿ ಬಟ್ಟೆ ಹೊರಗೆ ಎಳೆದ ಗಳಿಗೆಯಲ್ಲೇ ನನ್ನ ಉಸಿರು ಸರಾಗವಾಯಿತು. ಮಹದೇವು ನೆಲದ ಮೇಲೆ ಕುಳಿತು ಅತ್ತುಬಿಟ್ಟ.

ಡಾಕ್ಟರು ಎರಡು ಸಲ ಪರೀಕ್ಷಿಸಿ, ಏನೂ ತೊಂದರೆ ಇಲ್ಲ ಎಂದರು. ಪೈಪನ್ನು ಬಿಗಿಹಿಡಿಯುವ ಆ ಸವೆದ ಕ್ಲಾಂಪು ಬೆಳಿಗ್ಗೆ ನನಗರಿವಿಲ್ಲದೆಯೇ ಕಣ್ಣಿಗೆ ಬಿದ್ದಿದ್ದು, ಅದೇ ಮನಸ್ಸನ್ನು ಕೊರೆದಿರಬಹುದೇ ಎಂದೂ ಯೋಚಿಸಿದ್ದೇನೆ. ಆದರೆ ಬಟ್ಟೆ? ಅದನ್ನು ತುರುಕುವಾಗ ನಾನು ರಸ್ತೆಯಲ್ಲಿದ್ದೆ.

ಆಮೇಲೆ ಎಷ್ಟೋ ಎಂಜಿನ್‌ಗಳಿಗೆ ಸಹಿ ಹಾಕಿದ್ದೇನೆ. ಒಮ್ಮೆಯೂ ಉಸಿರು ಕಟ್ಟಿಲ್ಲ. ಎಲ್ಲವೂ ಸರಿಯಾಗಿದ್ದವು ಎಂದು ಇದರ ಅರ್ಥವೋ, ಅಂದು ಉಸಿರು ಕಟ್ಟಿಸಿ ನನಗೆ ತಿಳಿಸಿದವರು ಯಾರೋ ಅವರು ಈಗ ತಿಳಿಸುವುದನ್ನು ಬಿಟ್ಟಿದ್ದಾರೋ, ನನಗೆ ಗೊತ್ತಿಲ್ಲ.