ಹೊಳೆ ನೀರು ಕುಡಿದ ಎಂಜಿನ್

ಅಮಾವಾಸ್ಯೆ ಬಂತೆಂದರೆ ನಮ್ಮ ಮನೆಯಲ್ಲಿ ಅಡುಗೆಗಿಂತ ಮೊದಲು ಕಾರಿನ ಸಡಗರ. ಅಣ್ಣ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ, ತುಂಗಭದ್ರೆಯ ದಂಡೆಯಲ್ಲಿ ಕಾರನ್ನು ತಿಕ್ಕಿ ತೊಳೆದು, ಚಕ್ರದಡಿ ನಿಂಬೆಹಣ್ಣಿಟ್ಟು, ಕೊನೆಗೆ ಬಾನೆಟ್ ಎತ್ತುತ್ತಿದ್ದ. ರೇಡಿಯೇಟರಿನಲ್ಲಿದ್ದದ್ದನ್ನೆಲ್ಲ ಬಸಿದು, ಕೊಡದಲ್ಲಿ ತಂದ ಹೊಳೆಯ ನೀರು ತುಂಬಿ, ಕೈ ಮುಗಿಯುತ್ತಿದ್ದ. ಹರಿಹರದ ಹೊಳೆಯೆಂದರೆ ನಮ್ಮವರಿಗೆ ಗಂಗೆಗೆ ಸಮ. ಮನುಷ್ಯರ ಪಾಪ ತೊಳೆಯುವ ನೀರು ಕಾರಿನ ಬಿಸಿ ಇಳಿಸದೆ ಬಿಡುತ್ತದೆಯೇ ಎಂಬುದು ಅವನ ತರ್ಕ. ಎಂಜಿನ್ ತಂಪಾಗಿಡಲೆಂದು ಅಂಗಡಿಯಲ್ಲಿ ಮಾರುವ ಹಸಿರು ಕೂಲಂಟ್ ಅವನ ಕಣ್ಣಿಗೆ ಶುದ್ಧ ಮೋಸ.

"ರೊಕ್ಕ ಕೊಟ್ಟು ವಿಷ ಯಾಕ ಕುಡಿಸ್ಲಿ? ಹೊಳೆ ಐತಲ್ಲ" ಎನ್ನುತ್ತಿದ್ದ.

ಹೊಳೆಯಲ್ಲಿ ಕೆಸರೂ ಇರುತ್ತದೆ ಮಾರಾಯ ಎಂದರೆ ನಾನು ನಾಸ್ತಿಕಳು. ಅವ್ವನೂ ಅವನ ಕಡೆಗೇ.

ಅಣ್ಣನಿಗೆ ಕೈಹತ್ತಿದ ಕೆಲಸ ಬಾಡಿಗೆ ಕಾರು ಓಡಿಸುವುದೊಂದೇ. ಓದು ಹತ್ತಲಿಲ್ಲ. ಅಂಗಡಿ ಇಟ್ಟ, ಬಂದ ಗಿರಾಕಿಗಳ ಜೊತೆಗೆಲ್ಲ ಜಗಳವಾಡಿ ಬಾಗಿಲು ಹಾಕಿದ. ಆದರೆ ಸ್ಟಿಯರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಹರಿಹರದ ಒಬ್ಬ ಹಿರಿಯರನ್ನು ಡಯಾಲಿಸಿಸ್‌ಗೆಂದು ದಾವಣಗೆರೆಯ ಆಸ್ಪತ್ರೆಗೆ ಕರೆತಂದು ಮತ್ತೆ ಮನೆ ಮುಟ್ಟಿಸುವುದು ಅವನ ಕಾಯಂ ಬಾಡಿಗೆ. ಹರಿಹರದ ಶಾಲೆಯಲ್ಲಿ ಪಾಠ ಮಾಡುವ ನಾನೂ ಆ ದಿನಗಳಲ್ಲಿ ಬೆಳಿಗ್ಗೆ ಅವನ ಕಾರಿನಲ್ಲೇ ಹೋಗುತ್ತಿದ್ದೆ. ಆ ಹಿರಿಯರು ಒಮ್ಮೆ ನನ್ನನ್ನು ಕರೆದು, "ನಿಮ್ಮಣ್ಣನ ಕಾರಿನ್ಯಾಗ ನನಗ ನಿದ್ದಿ ಬರ್ತೈತವ್ವ" ಎಂದಿದ್ದರು. ಅದನ್ನು ಹೇಳಿದ ದಿನ ಅಣ್ಣ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಕಳೆದ ಬೇಸಿಗೆಯಲ್ಲಿ ಆದದ್ದಿಷ್ಟು. ಆಸ್ಪತ್ರೆಯಿಂದ ವಾಪಸ್ಸಾಗುವಾಗ, ಹಿಂದಿನ ಸೀಟಿನಲ್ಲಿ ಹಿರಿಯರು ಸುಸ್ತಾಗಿ ಮಲಗಿದ್ದರು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿದ್ದನ್ನು ಅಣ್ಣ ನೋಡಿದ. ಅಲ್ಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ್ದರೆ ಇಷ್ಟಾಗುತ್ತಿರಲಿಲ್ಲ. ಬಿಸಿಲಲ್ಲಿ ಅವರನ್ನು ಹೇಗೆ ಕೂರಿಸಲಿ, ಹರಿಹರ ಇನ್ನೇನು ಬಂತು ಎಂದು ಒತ್ತಿಕೊಂಡು ಹೊರಟ. ದಾರಿಯಲ್ಲಿನ ದೊಡ್ಡಬಾತಿ ದಾಟಿದ ಮೇಲೆ ಹೊಗೆ ಎದ್ದು ಕಾರು ನಿಂತಿತು. ಗಾಬರಿಯಲ್ಲಿ ಪಕ್ಕದ ಅಂಗಡಿಯಿಂದ ಫ್ರಿಜ್ಜಿನ ನೀರು ತಂದು, ಕೆಂಡದಂತಿದ್ದ ಎಂಜಿನ್ ಮೇಲೆ ಸುರಿದ. ಟಣ್ ಎಂದು ಸದ್ದಾಯಿತಂತೆ. ಹಿರಿಯರು ಬೇವಿನ ಗಿಡದ ನೆರಳಲ್ಲಿ ಕೂತು, ಇವನಿಗೇ ಸಮಾಧಾನ ಹೇಳಿ, ಆಟೋದಲ್ಲಿ ಮನೆಗೆ ಹೋದರು. ಅವರಿಗೆ ಏನೂ ಆಗಲಿಲ್ಲ. ಆದರೆ ಮುಂದಿನ ಸಲ ಅವರ ಮಗ ಬೇರೆ ಕಾರು ಹೇಳಿದ್ದ.

ನಮ್ಮ ಗ್ಯಾರೇಜಿನ ಮೇಸ್ತ್ರಿಗೆ ಬಾಯಿ ಜೋರು. ಆಯಿಲ್ ನೋಡುವ ಕಡ್ಡಿಯನ್ನು ಹಿರಿದು ಅಣ್ಣನ ಮೂಗಿಗೆ ಹಿಡಿದ. ಎಣ್ಣೆಯೊಳಗೆ ನೀರು ಸೇರಿ, ಹಾಲು ಹೆಚ್ಚಾದ ಚಹಾದ ಬಣ್ಣ ಬಂದಿತ್ತು. ರೇಡಿಯೇಟರ್ ಬಿಚ್ಚಿದರೆ ಒಳಗೆಲ್ಲ ರಾಡಿ ಮತ್ತು ತುಕ್ಕು.

"ಹೊಳಿ ದೇವ್ರು ಹೌದಣ್ಣಾ, ಯಾರು ಇಲ್ಲ ಅಂತಾರ? ಆದ್ರ ರೇಡಿಯೇಟರ್ ಗುಡಿ ಅಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವನ ಸ್ಕೂಟರಿಗೂ ಅಮಾವಾಸ್ಯೆಯ ನಿಂಬೆಹಣ್ಣು ಕಟ್ಟಿತ್ತು, ಅದು ಬೇರೆ ಮಾತು.

"ರಿಪೇರಿ ಆಗಂಗಿಲ್ಲೇನು?" ಅಣ್ಣ ಕೇಳಿದ.

"ಮ್ಯಾಲಿನ ಹೆಡ್ ಅಷ್ಟೇ ಸೊಟ್ಟಾಗಿದ್ರ ಮಟ್ಟ ಹೊಡಿಸಿ ಕೂಡಿಸ್ತಿದ್ದೆ. ಎಂಜಿನ್ನಿನ ಮೈ, ಬ್ಲಾಕೇ ಸೀಳೈತೆ. ಇನ್ನ ಅದರ ಮ್ಯಾಲ ಆಸೆ ಇಟ್ಕೋಬ್ಯಾಡ. ಕಾರಿನ ಬಾಡಿ ತುಕ್ಕು ಹಿಡಿದಿದ್ರ ಗುಜರಿಗೆ ಹಾಕು ಅಂತಿದ್ದೆ. ಬಾಡಿ ಗಟ್ಟಿ ಐತೆ, ಗೇರ್ ಬಾಕ್ಸ್ ಛಲೋ ಐತೆ. ಬ್ಯಾರೆ ಎಂಜಿನ್ ಹಾಕ್ಸು, ಓಡ್ತೈತೆ."

ಹಾಕಿಸಿದೆವು. ಅಪಘಾತವಾಗಿ ಮೂಲೆ ಸೇರಿದ್ದ ಅಂಥದೇ ಕಾರಿನ ಎಂಜಿನ್ ಸಿಕ್ಕಿತು, ಆರ್‌ಟಿಒದಲ್ಲಿ ಹೊಸ ಎಂಜಿನ್ ನಂಬರ್ ಬರೆಸಿದ್ದೂ ಆಯಿತು. ಕೂಲಂಟನ್ನು ಅಣ್ಣನೇ ತಂದು ಹಾಕಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಾರು ಮೊದಲಿಗಿಂತ ಸಲೀಸಾಗಿ ಓಡುತ್ತಿತ್ತು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಅಣ್ಣ ರಸ್ತೆ ನೋಡುವುದನ್ನೇ ಬಿಟ್ಟಿದ್ದ. ಅವನ ಕಣ್ಣು ಆ ಬಿಸಿಯ ಮುಳ್ಳಿನ ಮೇಲೆ. ಊರಂಚಿನ ಆವರಗೆರೆ ಮುಟ್ಟುವುದರೊಳಗೆ ಒಮ್ಮೆ ನಿಲ್ಲಿಸಿ ಬಾನೆಟ್ ಎತ್ತುವನು, ಆನಗೋಡಿಗೆ ಹೋದರೆ ದಾರಿಯುದ್ದಕ್ಕೂ ಅದೇ ಕತೆ. ಮದುವೆಗೆ ಹೊರಟವರು ಮುಹೂರ್ತ ತಪ್ಪುತ್ತದೆಂದು ಬೈದು ಇಳಿದುಹೋದರು. ಬಾಡಿಗೆ ಕರೆಯುವವರು ಕಡಿಮೆಯಾದರು. ಮೇಸ್ತ್ರಿ ಎರಡು ಸಲ ನೋಡಿ, ಎಂಜಿನ್ ಬಂಗಾರದಂತಿದೆ ಎಂದ. ಮನೆಯಲ್ಲಿ ನಾನು ಬೈದೆ, ಅವ್ವ ದೃಷ್ಟಿ ತೆಗೆದಳು. ಎರಡೂ ನಾಟಲಿಲ್ಲ.

ಹೋದ ತಿಂಗಳು ಹಟ ಹಿಡಿದು, ಶಾಲೆಗೆ ಬಿಟ್ಟು ಬಾ ಎಂದು ಅವನ ಪಕ್ಕದಲ್ಲಿ ಕೂತೆ. ಹರಿಹರದವರೆಗೆ ಒಂದು ಸಲ ನೆಟ್ಟಗೆ ಹೋಗಿ ಮುಟ್ಟಿದರೆ ಅವನ ಹೆದರಿಕೆ ಬಿಟ್ಟೀತು ಎಂಬ ಆಸೆ. ದೊಡ್ಡಬಾತಿಯವರೆಗೂ ಏನೇನೋ ಹರಟುತ್ತ ಹೋದೆ. ಅಲ್ಲಿ ಬಸ್ ಸ್ಟಾಪಿನ ಹತ್ತಿರ ನಿಲ್ಲಿಸಿ, ಇಳಿದು, ಬಾನೆಟ್ ಮೇಲೆ ಅಂಗೈ ಇಟ್ಟು ನಿಂತ.

"ಕಾದೈತೇನು?" ಎಂದೆ.

"ಇಲ್ಲ."

"ಮತ್ತ ನಡಿ."

ಅವನು ನನ್ನ ಕಡೆಯ ಬಾಗಿಲು ತೆಗೆದ. "ನೀ ಬಸ್ಸಿಗೆ ಹೋಗು ತಂಗಿ. ಒಬ್ನ ಇದ್ರ ಹೆಂಗೋ ಓಡಿಸ್ತೀನಿ. ಹಿಂದ ಮುಂದ ಯಾರಾರ ಕುಂತ್ರ ನನಗ ಕೈಕಾಲು ಆಡಂಗಿಲ್ಲ."

ಸಿಟ್ಟು ಬಂತು, ನಾಲಿಗೆ ತುದಿಗೆ ಬೈಗುಳವೂ ಬಂತು. ಅವನ ಮುಖ ನೋಡಿ ನುಂಗಿಕೊಂಡೆ. ಬಸ್ಸು ಬಂದಾಗ ಅವನೇ ಕೈ ಅಡ್ಡ ಹಿಡಿದು ನಿಲ್ಲಿಸಿ, ನನ್ನನ್ನು ಹತ್ತಿಸಿ, "ಹುಷಾರಾಗಿ ಕರ್ಕೊಂಡು ಹೋಗ್ರಿ" ಎಂದು ಡ್ರೈವರಿಗೆ ಹೇಳಿದ.