ಭಾನುವಾರ ಏರಿದ ಅಂಕಿ

ಕೊಪ್ಪದ ಆಸ್ಪತ್ರೆಯೊಂದರಲ್ಲಿ ನಾನು ಎಕ್ಸ್‌ರೇ ತೆಗೆಯುವವಳು. ಮೈಗೆ ಎಷ್ಟು ವಿಕಿರಣ ತಾಗಿತು ಅಂತ ತಿಳಿಯಲಿಕ್ಕೆ ಎದೆ ಮೇಲೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತೇವೆ. ಅದು ಮೂಗ ಪ್ರಾಣಿ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸಿ ರಿಪೋರ್ಟಿಗೆ ಕಾಯಬೇಕು. ನಾನು ಬಸುರಿ ಅಂತ ಹೇಳಿದ ಮೇಲೆ ಡಾಕ್ಟರು ಇನ್ನೊಂದು ಎಲೆಕ್ಟ್ರಾನಿಕ್ ಮೀಟರ್ ತರಿಸಿಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಂಕಿ ಆಗಿಂದಾಗಲೇ ತೋರಿಸುತ್ತದೆ. "ಹೊಟ್ಟೆ ಹತ್ತಿರ ಇಟ್ಕೊ. ಕೆಲಸ ಮುಗಿದ ಮೇಲೆ ಇಲ್ಲೇ ಬಿಟ್ಟು ಹೋಗು" ಅಂದರು.

ಬಿಟ್ಟು ಹೋಗುವವಳಾ ನಾನು! ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ, ಮೂರನೇ ತಿಂಗಳಿಗೆ ಹೋಗಿತ್ತು. ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರು ಹೇಳಿದ್ದರು, ನಂಬಿಯೂ ಇದ್ದೆ. ಆದರೂ ಹೆದರಿಕೆ ಹೋಗಿರಲಿಲ್ಲ. ಮೀಟರನ್ನು ಹಿರೇಕೊಡಿಗೆಯ ಮನೆಗೂ ಹೊತ್ತುಕೊಂಡು ಹೋಗುತ್ತಿದ್ದೆ.

"ಇವತ್ತು ಎಷ್ಟು?" ಅಂತ ಅತ್ತೆ ದಿನಾ ಸಂಜೆ ಕೇಳುವರು, ಡೈರಿಯಲ್ಲಿ ಹಾಲಿನ ಡಿಗ್ರಿ ಕೇಳಿದ ಹಾಗೆ. ಗುಂಡಿಯನ್ನು ಗೋಡೆಯ ಹಿಂದೆ ನಿಂತೇ ಒತ್ತುವವಳು ನಾನು, ಆಸ್ಪತ್ರೆಯಲ್ಲಿ ಅಂಕಿ ಅಲುಗುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನೋಡುತ್ತೇನೆ, ಗ್ರಹಚಾರ! ಬೇಕಾದಷ್ಟು ಏರಿದೆ. ರಜೆಯ ದಿನ, ಎಕ್ಸ್‌ರೇ ರೂಮೆಲ್ಲೋ, ನಾನೆಲ್ಲೋ!

ಅತ್ತೆ ಕೈಲಿದ್ದ ಸೌಟು ಕೆಳಗಿಟ್ಟರು. "ಸಾಕು ಮಾರಾಯ್ತಿ, ಕೆಲಸ ಬಿಡು. ಮೈಯೊಳಗೆ ಕೂತಿದ್ದು ಈಗ ಹೊರಗೆ ಬರ್ತಾ ಉಂಟು."

"ಎಕ್ಸ್‌ರೇ ಎಂತ ಶೀತವಾ ಅತ್ತೆ, ಮೈಯೊಳಗೆ ಕೂರಲಿಕ್ಕೆ?" ಅಂತ ರೇಗಿದೆ. ಅವರ ಮೇಲಿನ ಸಿಟ್ಟಲ್ಲ ಅದು, ನನ್ನದೇ ಹೆದರಿಕೆ. ಕೆಲಸ ಬಿಡಲಿಕ್ಕೆ ಮನಸ್ಸಿಲ್ಲ. ಈ ಕೂಸನ್ನೂ ಕಳೆದುಕೊಂಡರೆ ಬದುಕಲಿಕ್ಕೇ ಮನಸ್ಸಿಲ್ಲ.

ಸೋಮವಾರ ನಮ್ಮ ಹಿರಿಯ ಟೆಕ್ನಿಷಿಯನ್‌ಗೆ ಹೇಳಿದೆ. ಕೊಪ್ಪ ಪೇಟೆಯವರೇ, ನನಗೆ ಕೆಲಸ ಕಲಿಸಿದವರು. "ನಿನ್ನೆ ಇದು ಎಲ್ಲಿತ್ತು ತಂಗಿ?" ಅಂತ ಕೇಳಿದರು.

"ನೈಟಿ ಜೇಬಲ್ಲಿ."

"ಜೊತೆಗೆ ಮತ್ತೆಂತ ಇತ್ತು?"

"ಮೊಬೈಲು."

ಅವರು ನಕ್ಕರು. ನಮ್ಮ ಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಪುಣ್ಯ. ಟವರ್ ಸಿಗದೆ ಫೋನು ತನ್ನ ಅಲೆಗಳನ್ನು ಒಂದೇ ಸಮನೆ ಜೋರು ಮಾಡುತ್ತದೆ, ಕೆಲವು ಮೀಟರುಗಳು ಅದನ್ನೇ ವಿಕಿರಣ ಅಂತ ಎಣಿಸಿಬಿಡುತ್ತವಂತೆ.

ಅಂತೆ ಕಂತೆ ಯಾರಿಗೆ ಬೇಕು? ಊಟದ ಮೇಜಿನ ಮೇಲೆ ಪರೀಕ್ಷೆ ಶುರು ಮಾಡಿದೆ. ಒಂದು ದಿನ ಮೀಟರ್ ಒಂದೇ ಇಟ್ಟೆ, ಮರುದಿನ ಆಫ್ ಮಾಡಿದ ಫೋನಿನ ಜೊತೆ. ಎರಡೂ ದಿನ ಸುಮ್ಮನಿತ್ತು. ಮೂರನೇ ದಿನ ಫೋನ್ ಆನ್ ಮಾಡಿ, ಪಕ್ಕದಲ್ಲೇ ಒತ್ತಿಟ್ಟು, ಅತ್ತೆಯ ಫೋನಿಂದ ಅದಕ್ಕೆ ಕರೆ ಮಾಡಿದೆ. ಅಂಕಿ ಜಿಗಿಯಿತು! "ಹಾಗಾದರೆ ಕೆಟ್ಟದ್ದು ಮೊಬೈಲು!" ಅಂತ ಅತ್ತೆ ತೀರ್ಪು ಕೊಟ್ಟರು.

ನನ್ನ ತಲೆಯಲ್ಲಿ ಬೇರೆ ಹುಳ. ಮನೆಯಲ್ಲಿ ಸುಳ್ಳು ಹೇಳಿದ ಮೀಟರ್ ಆಸ್ಪತ್ರೆಯಲ್ಲಿ ನಿಜ ಹೇಳಿತ್ತು ಅಂತ ಎಂತ ಗ್ಯಾರಂಟಿ? ಕೇಳಿದ್ದಕ್ಕೆ ಹಿರಿಯ ಟೆಕ್ನಿಷಿಯನ್ ಅದನ್ನು ಖಾಲಿ ಎಕ್ಸ್‌ರೇ ಮೇಜಿನ ಮೇಲಿಟ್ಟು, ಹೊರಗೆ ಬಂದು ಗುಂಡಿ ಒತ್ತಿದರು. ಕಿರಣ ನೇರ ಅದರ ಮೇಲೇ ಬಿತ್ತು. ಮೀಟರ್ ಮಹಾರಾಯ ಹೆಚ್ಚುಕಮ್ಮಿ ಇದ್ದಲ್ಲೇ ಇದ್ದ! ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಕಿರಣ ಅವನಿಗೆ ಸರಿಯಾಗಿ ಹಿಡಿಯಲಿಕ್ಕೇ ಬರುವುದಿಲ್ಲ.

ನಂಬಲಿಕ್ಕೆ ಉಳಿದದ್ದು ಲ್ಯಾಬಿಗೆ ಹೋಗುವ ಮೂಗ ಬ್ಯಾಡ್ಜ್ ಒಂದೇ. "ರಿಪೋರ್ಟ್ ಬರುವ ತನಕ ಗುಂಡಿ ನಾನು ಒತ್ತುತ್ತೇನೆ, ನೀನು ಹೊರಗೆ ಕೂತು ರಿಜಿಸ್ಟರ್ ಬರಿ" ಅಂದರು ಹಿರಿಯರು. ರಿಪೋರ್ಟಿನಲ್ಲಿ ಹೆಚ್ಚು ಬಂದರೆ ಕೆಲಸ ಬಿಡುತ್ತೇನೆ ಅಂತ ಅತ್ತೆಗೆ ಮಾತು ಕೊಟ್ಟೆ.

ರಿಪೋರ್ಟ್ ಬರುವಾಗ ಕೂಸು ಒದೆಯಲಿಕ್ಕೆ ಶುರು ಮಾಡಿತ್ತು. ಹೆದರುವಂಥದ್ದು ಏನೂ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದವಳೇ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ರಿಪೋರ್ಟು..."

"ಮೊದಲು ಆ ಫೋನು ದೂರ ಹಿಡಿ ಮಾರಾಯ್ತಿ!"

ಕೈ ಉದ್ದಕ್ಕೆ ಚಾಚಿ, ಶೃಂಗೇರಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ: "ಕೂಸಿಗೆ ಎಂತದೂ ತಾಗ್ಲಿಲ್ಲ ಅತ್ತೇ!"

ಫೋನು ಕಿವಿಗೆ ತಂದರೆ ಆ ಕಡೆ ಬರೀ ಸೊರಸೊರ. ಸಿಗ್ನಲ್ ಹೋಯಿತು ಅಂದುಕೊಂಡೆ. ಆಮೇಲೆ ಅತ್ತೆ ಮೂಗು ಸೀಟಿದ್ದು ಕೇಳಿಸಿತು.